ಸನದಿಲ್ಲದ ಸನಾದಿ

ನನ್ನ ಮದುವೆಯಲ್ಲಿ ಅಕ್ಷತೆ ಬೀಳುವ ಮೊದಲೇ ಹೆಣ್ಣಿನ ಕಡೆಯವರೆಲ್ಲ ಎದ್ದು ಊಟಕ್ಕೆ ಹೊರಟಿದ್ದರು. ಬೀದರಿನ ನನ್ನ ಗಂಡನ ಮನೆಯಲ್ಲಿ ಇವತ್ತಿಗೂ ಆ ಮಾತು ತೆಗೆದು ನಗುತ್ತಾರೆ. ಭಾಲ್ಕಿಯವರಿಗೆ ಹಸಿವು ಜಾಸ್ತಿ ಎನ್ನುತ್ತಾರೆ. ನಾನೂ ಸುಮ್ಮನಿರುವವಳಲ್ಲ, ಬೀದರಿನವರಿಗೆ ಕಿವಿ ಕಮ್ಮಿ ಎನ್ನುತ್ತೇನೆ. ಆದರೆ ಆ ದಿನ ಆದದ್ದೇನು ಎಂದು ಸರಿಯಾಗಿ ಹೇಳಬೇಕಾದರೆ ಹಸಿವಿನಿಂದ ಶುರು ಮಾಡಿ ಉಪಯೋಗವಿಲ್ಲ. ಒಂದು ತವಾದಿಂದ ಶುರು ಮಾಡಬೇಕು.

ನಮ್ಮ ಕಡೆ ಗ್ರಾಮಾಫೋನಿಗೆ ಬಾಜಾ ಎನ್ನುತ್ತಿದ್ದರು, ಅದರ ಮೇಲೆ ತಿರುಗುವ ಕರಿ ತಟ್ಟೆಗೆ ತವಾ. ರೊಟ್ಟಿ ಬೇಯಿಸುವುದೂ ತವಾ, ರಾಗ ಕೇಳಿಸುವುದೂ ತವಾ. ‘ನಮ್ ಕಾಕಾನ ಸನಾದಿ ತವಾದಾಗ ಕೇಳಸ್ತದ’ ಎಂದು ಯಾರೋ ಹೇಳಿದಾಗ ಔರಾದದಲ್ಲಿದ್ದ ನನ್ನ ಸೋದರತ್ತೆ ಒಲೆಯ ಮೇಲಿನ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ ಕಿವಿಗೊಟ್ಟು ಕೇಳಿದಳಂತೆ. ಕೇಳಿದವಳು ತಾನೇ ನಮಗೆ ಬಂದು ಹೇಳಿದ್ದರಿಂದ ಇದನ್ನು ನಂಬಬಹುದು.

ಸನಾದಿ ಎಂದರೆ ಶಹನಾಯಿ. ಅದನ್ನು ಊದುತ್ತಿದ್ದ ಕಾಕಾ ನಮ್ಮ ರಕ್ತಸಂಬಂಧಿಯಲ್ಲ, ನಮ್ಮ ಓಣಿಯ ಕೊನೆಯ ಮನೆಯ ವಾಜಂತ್ರಿ. ಬಡಕಲು ಮನುಷ್ಯ. ಆದರೆ ಊದಲು ನಿಂತರೆ ಎರಡೂ ಗಲ್ಲ ಎಷ್ಟು ಉಬ್ಬುತ್ತಿದ್ದವೆಂದರೆ ಚಿಕ್ಕವಳಿದ್ದಾಗ ನಾನು ಬೆರಳಿನಿಂದ ತಿವಿದು ನೋಡುತ್ತಿದ್ದೆ. ಊದುವಾಗ ಬಾಯಿಗೆ ಇಟ್ಟುಕೊಳ್ಳುವ, ಸನಾದಿಗೆ ದನಿ ಕೊಡುವ ಪತ್ತಿಗಳನ್ನು ಒಂದು ಹಳೆಯ ನಶ್ಯದ ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದರು. ಸನಾದಿಯನ್ನು ಮನೆಯಲ್ಲಿ ಬಿಟ್ಟು ಬಂದರೂ ಡಬ್ಬಿ ಮಾತ್ರ ತಲೆಯ ಮೇಲೆ ಇರಲೇಬೇಕು.

ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ಅತ್ತು ಅತ್ತು ಮನೆ ತಲೆಯ ಮೇಲೆ ಹೊತ್ತಿದ್ದೆನಂತೆ. ಕಾಕಾ ಊದಲು ಶುರು ಮಾಡಿದ ಮೇಲೆಯೇ ಸುಮ್ಮನಾದದ್ದು. ಅದರಿಂದ ಹಿಗ್ಗಿಹೋದ ಕಾಕಾ ನನ್ನ ಅಪ್ಪನಿಗೆ ಎಲ್ಲರ ಎದುರು ಮಾತು ಕೊಟ್ಟರು.

“ಸಾವ್ಕಾರ್ರ, ಈ ಕೂಸಿನ ಲಗ್ನಕ್ಕ ನಾನೇ ಊದಾಂವ. ಮತ್ಯಾರರೆ ಊದಿದ್ರಂದ್ರ ನನ್ ಸನಾದಿ ಮುರದು ಒಲಿಗಿ ಹಾಕ್ತೇನಿ ನೋಡ್ರಿ.”

ಅಪ್ಪ ನಕ್ಕು ಹೂಂ ಎಂದರು. ನಾನು ಬೆಳೆಯುತ್ತಿದ್ದ ಹಾಗೆ ಕಾಕಾ ಆ ಮಾತನ್ನು ವರ್ಷಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು. ನನ್ನ ಮದುವೆಯ ಬಗ್ಗೆ ನಮ್ಮ ಮನೆಯವರಿಗಿಂತ ಅವರಿಗೇ ಆತುರ ಹೆಚ್ಚು ಎಂದು ಅವ್ವ ರೇಗಿಸುತ್ತಿದ್ದಳು.

ಕಾಕಾನ ಹೆಸರು ನಮ್ಮೂರಲ್ಲಿ ಉಳಿಯುವ ಹಾಗೆ ಮಾಡಿದ್ದು ದೊಡ್ಡ ರಾಗ ಯಾವುದೂ ಅಲ್ಲ, ಆರೇ ಸ್ವರದ ಒಂದು ತುಣುಕು. ಅದು ಹುಟ್ಟಿದ್ದು ಪೊಲೀಸ್ ಆಕ್ಷನ್ನಿಗೆ ಸ್ವಲ್ಪ ಮೊದಲು, ನನ್ನ ದೊಡ್ಡಪ್ಪನ ಮಗಳ ಮದುವೆಯಲ್ಲಿ. ರಜಾಕಾರರ ಹೆದರಿಕೆಯ ದಿನಗಳು. ಎಲೆ ಅಲುಗಿದರೂ ಜನ ತಿರುಗಿ ನೋಡುತ್ತಿದ್ದರು. ಅಂಥದ್ದರಲ್ಲಿ ಅಡುಗೆಯಾಯಿತು, ಊಟದ ಪತ್ರೋಳಿಗಳನ್ನು ಹಾಸಿದರು, ದೊಡ್ಡಪ್ಪ ಅಂಗಳಕ್ಕೆ ಬಂದು ದೊಡ್ಡ ಗಂಟಲಿನಲ್ಲಿ, “ಏಳ್ರಿ! ಏಳ್ರಿ! ಲಗೂ ಏಳ್ರಿ!” ಎಂದು ಕೂಗಿಬಿಟ್ಟರು. ಊಟಕ್ಕೆ ಎಂಬ ಒಂದು ಮಾತು ಸೇರಿಸಲು ಮರೆತರು.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಚಪ್ಪರ ಖಾಲಿ. ಹಿತ್ತಲ ಗೋಡೆ ಹಾರಿದವರು, ಬಣವೆಯ ಹಿಂದೆ ಸೇರಿದವರು, ಮೊಮ್ಮಕ್ಕಳನ್ನು ಎತ್ತಿಕೊಂಡು ಜೋಳದ ಹೊಲಕ್ಕೆ ನುಗ್ಗಿದವರು. ದೂರದ ನೆಂಟರೊಬ್ಬರು ಓಡಿದ ಓಟಕ್ಕೆ ಕಮಲನಗರದ ದಾರಿಯಲ್ಲಿ ಅರ್ಧ ಮುಗಿಸಿದ್ದರು. ಅವರನ್ನೆಲ್ಲ ವಾಪಸ್ ಕರೆಯುವುದು ಹೇಗೆ? ‘ಬರ್ರಿ’ ಎಂದು ಕೂಗಿದಷ್ಟೂ ಜನ ಜೋಳದೊಳಗೆ ಇನ್ನೂ ಒಳಗೆ ಹೋಗುತ್ತಿದ್ದರು. ಆಗ ಕಾಕಾ ಮಾಳಿಗೆ ಹತ್ತಿ, ಹೊಲದ ಕಡೆ ಮುಖ ಮಾಡಿ, ಆರು ಸ್ವರ ಊದಿದರು. ಮೇಲಿಂದ ಜಾರಿ ಬಂದು ಕೊನೆಗೆ ಒಂದು ಕಡೆ ತಡೆದು ನಿಲ್ಲುವ ತುಣುಕು ಅದು. ಕೈ ಹಿಡಿದು ಎಳೆದ ಹಾಗೆ ಇತ್ತು. ಅಪಾಯ ಬಂದಲ್ಲಿ ಯಾರೂ ಸನಾದಿ ಊದುತ್ತ ಕೂರುವುದಿಲ್ಲ ಎಂಬುದು ಹೊಲದಲ್ಲಿದ್ದವರಿಗೆ ಹೊಳೆಯಿತು. ಒಬ್ಬೊಬ್ಬರಾಗಿ ಬಟ್ಟೆ ಝಾಡಿಸುತ್ತ ಬಂದು ಊಟಕ್ಕೆ ಕುಳಿತರು.

ಅಂದಿನಿಂದ ಭಾಲ್ಕಿಯ ಮದುವೆಗಳಲ್ಲಿ ಊಟಕ್ಕೆ ಏಳಿ ಎಂದು ಯಾರೂ ಕೂಗಲಿಲ್ಲ. ಅಕ್ಷತೆ ಬಿತ್ತೆಂದರೆ ಕಾಕಾ ಆ ತುಣುಕು ಊದಬೇಕು, ಜನ ಏಳಬೇಕು. ‘ಏಳ್ರೆಪ್ಪೋ ಏಳ್ರಿ, ಹುಗ್ಗಿ ಬಂತು ಏಳ್ರಿ’ ಎಂದು ನಾವು ಹುಡುಗಿಯರು ಅದಕ್ಕೆ ಮಾತನ್ನೂ ಕೂಡಿಸಿದ್ದೆವು. ಎಲ್ಲರಿಗಿಂತ ಮೊದಲು ಓಡಿ ಮೊದಲ ಪಂಕ್ತಿಯಲ್ಲಿ ಜಾಗ ಹಿಡಿಯುತ್ತಿದ್ದವಳು ನಾನೇ. ಕಾಕಾ ಕೊನೆಯ ಪಂಕ್ತಿ ಏಳುವವರೆಗೆ ಊದುತ್ತಿದ್ದರು. ಆಮೇಲೆ ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಒಬ್ಬರೇ ಕುಳಿತು ಉಣ್ಣುತ್ತಿದ್ದರು. ಅದು ಪದ್ಧತಿ. ಪದ್ಧತಿ ಎಂದಮೇಲೆ ಅದರ ಬಗ್ಗೆ ಯಾರೂ ವಿಚಾರ ಮಾಡುವ ತೊಂದರೆ ತೆಗೆದುಕೊಳ್ಳುವುದಿಲ್ಲ.

ಪೊಲೀಸ್ ಆಕ್ಷನ್ ಆಯಿತು. ಒಂದೆರಡು ವರ್ಷಗಳ ಮೇಲೆ ಅಪ್ಪನ ಗೆಳೆಯರಾದ ಹೈದರಾಬಾದಿನ ಬಟ್ಟೆ ವ್ಯಾಪಾರಿಯೊಬ್ಬರ ಮನೆಯ ಮದುವೆಗೆ ಕಾಕಾ ರೈಲು ಹತ್ತಿ ಹೋದರು. ಅಲ್ಲಿಗೆ ಬಂದಿದ್ದ ತವಾ ತಯಾರಿಸುವವನೊಬ್ಬ ಇವರನ್ನು ಕೇಳಿ, ಮರುದಿನ ಒಂದು ಕೋಣೆಗೆ ಕರೆದೊಯ್ದನಂತೆ. ಮರಳಿ ಬಂದ ಕಾಕಾ ನಮ್ಮ ಕಟ್ಟೆಯ ಮೇಲೆ ಕುಳಿತು ಆ ಕಥೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

“ಗ್ವಾಡಿಗೆಲ್ಲ ರಜಾಯಿ ಹೊಚ್ಚಿದ್ರು ಯವ್ವಾ. ಅವಕ್ಕ ಥಂಡಿ ಹತ್ತಿತ್ತೇನೋ. ಒಂದ್ ಡಬ್ಬಿ ಮುಂದ ನಿಂದ್ರಿಸಿ, ಮೂರು ಮಿನಿಟ್ ಊದು, ಕೆಂಪು ದಿವಾ ಹತ್ತಿದ್ರ ಬಂದ್ ಮಾಡು ಅಂದ್ರು. ಮೂರು ಮಿನಿಟಿನ್ಯಾಗ ನಮ್ಮಲ್ಲಿ ಮದಿಮಗ ಕುದುರಿ ಸೈತ ಏರಾಂಗಿಲ್ಲ! ಊದ್ಲಿಕ್ಕತ್ತಿದ್ದೆ, ದಿವಾ ಹತ್ತೇ ಬಿಡ್ತು. ಹ್ಯಾಂಗ ಮುಗಸ್ಲಿ? ಮುಗಸೋದು ನನಗ ಒಂದೇ ಗೊತ್ತು. ಊಟಕ್ಕ ಕರದು ಮುಗಿಸ್ದೆ.”

“ಮತ್ತ ಅವ್ರು ಊಟಕ್ಕ ಎದ್ರೇನ್ರಿ ಕಾಕಾ?” ಎಂದೆ ನಾನು.

“ಎಲ್ಲಿ ಏಳ್ತಾರ, ಕುಣದಾಡಿದ್ರು. ಆಮ್ಯಾಗ ಒಬ್ಬ ಮುನ್ಷಿ ಕಾಗದಾ ಹಿಡ್ಕೊಂಡು ಬಂದು ನಾಮ್ ಅಂದ. ವಾದ್ಯಾ ಬಿಚ್ಚಿ ಒರಸ್ಲಿಕ್ಕತ್ತಿದ್ದೆ, ಇದರ ಹೆಸರು ಕೇಳ್ತಾನಂತ ಸನಾದಿ ಅಂದೆ. ಬರ್ಕೊಂಡು ಹೋದ.”

ಓಣಿಯವರು ಕೇಳಿ ನಕ್ಕು ಮರೆತರು. ನಾವೂ ಮರೆತೆವು. ಮುಂದಿನ ವರ್ಷ ನಮ್ಮ ಮನೆಯ ಎದುರಿನ ಚಹಾದ ಹೋಟೆಲಿನವನು ಒಂದು ಬಾಜಾ ತಂದ. ಹೆಣ್ಣುಮಕ್ಕಳು ಹೋಟೆಲಿಗೆ ಕಾಲಿಡುವ ಕಾಲ ಅದಲ್ಲ, ಆದರೆ ನಮ್ಮ ಮಾಳಿಗೆಯ ಮೇಲೆ ಕುಳಿತರೆ ಒಳಗಿನ ಬೆಂಚುಗಳವರೆಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಶಾವಿಗೆ ಒಣಹಾಕಿ ಕಾಗೆ ಕಾಯುತ್ತ ಕುಳಿತಿದ್ದೆ. ಹೊಸ ತವಾ ತಿರುಗತೊಡಗಿತು. ಸನಾದಿ. ಎಲ್ಲೋ ಕೇಳಿದ ಹಾಗೆ ಇದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಕೊನೆಯ ಆರು ಸ್ವರ ಬಂದವು. ಬೆಂಚಿನ ಮೇಲಿದ್ದವರೆಲ್ಲ ಚಹಾದ ಬಸಿ ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತರು! ಒಬ್ಬರ ಮುಖ ಒಬ್ಬರು ನೋಡಿ, ನಾಚಿ, ಮತ್ತೆ ಕುಳಿತರು. ನಾನು ಮಾಳಿಗೆಯಿಂದಲೇ “ಕಾಕಾ! ಅದು ಕಾಕಾ!” ಎಂದು ಕಿರುಚಿದೆ. ಶಾವಿಗೆಗೆ ಅಷ್ಟರಲ್ಲಿ ಕಾಗೆ ಬಾಯಿ ಹಾಕಿಯಾಗಿತ್ತು.

ಸಂಜೆ ಅಪ್ಪ ಆ ತವಾವನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದರು. ನಮ್ಮಲ್ಲಿ ಬಾಜಾ ಇರಲಿಲ್ಲ, ಆದ್ದರಿಂದ ಕೇಳುವಂತಿರಲಿಲ್ಲ, ಓದಬಹುದಿತ್ತು ಅಷ್ಟೇ. ನಡುವಿನ ಗುಂಡನೆಯ ಕಾಗದದ ಮೇಲೆ ಉರ್ದು ಅಕ್ಷರ. ನಾನು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಶಾಲೆ ಶುರು ಮಾಡಿ, ಪೊಲೀಸ್ ಆಕ್ಷನ್ ಆದಮೇಲೆ ಅದೇ ಶಾಲೆಯ ಅದೇ ಮಣೆಯ ಮೇಲೆ ಕುಳಿತು ಅ ಆ ಇ ಈ ಕಲಿತವಳು. ಎರಡೂ ಅರ್ಧರ್ಧ ಬರುತ್ತಿದ್ದವು, ಜಂಭ ಮಾತ್ರ ಎರಡರದೂ ಪೂರ್ತಿ ಇತ್ತು. ಬೆರಳಿಟ್ಟು ಓದಿದೆ.

“ಸನದೀ... ಉಸ್ತಾದ್... ಹೈದರಾಬಾದ್.”

“ಸನದೀ ಅಂದ್ರ ಸನದು, ಪದವಿ ಪತ್ರ, ಸಿಕ್ಕಾಂವ,” ಎಂದರು ಅಪ್ಪ. “ಯಾರೋ ದೊಡ್ಡ ದರ್ಬಾರದ ಉಸ್ತಾದ ಇರಬೇಕು.”

ಕಟ್ಟೆಯ ಮೇಲಿದ್ದ ಕಾಕಾ ತಲೆ ಕೆರೆದುಕೊಂಡರು. “ಮುನ್ಷಿಗಿ ನಾ ಅಂದಿದ್ದು ಸನಾದಿ ಅಂತರೀ ಸಾವ್ಕಾರ್ರ.”

ಅಪ್ಪ ತವಾವನ್ನು ಎತ್ತಿ ಮತ್ತೊಮ್ಮೆ ಆ ಅಕ್ಷರ ನೋಡಿದರು. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುನ್ಷಿ ವಾದ್ಯದ ಹೆಸರನ್ನು ಮನುಷ್ಯನಿಗೆ ಇಟ್ಟು, ಒಂದು ದೀರ್ಘ ನುಂಗಿ, ಕೂತಲ್ಲೇ ಸನದನ್ನೂ ದಯಪಾಲಿಸಿದ್ದ. ಓದು ಬರೆಯಲು ಬಾರದ ಕಾಕಾ ಒಂದೇ ಏಟಿಗೆ ಪದವೀಧರರಾಗಿದ್ದರು.

ನಗು ಅಲ್ಲಿಗೇ ಮುಗಿಯಿತು. ಅಪ್ಪ ಮರುದಿನ ಹೋಟೆಲಿನಲ್ಲಿ ಈ ಸಂಗತಿ ಹೇಳಿದರೆ ಒಬ್ಬರೂ ಒಪ್ಪಲಿಲ್ಲ. “ಛಾಪಾ ಹಾಕಿದ್ದು ಸುಳ್ಳಾಗ್ತದೇನ್ರಿ?” ಎಂದರು. ಹಾಗಾದರೆ ಆ ಊಟದ ಕರೆ ಉಸ್ತಾದನಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, ಕಾಕಾನೇ ಎಲ್ಲೋ ಉಸ್ತಾದನಿಂದ ಕದ್ದು ತಂದಿರಬೇಕು ಎಂದರು. ಜೋಳದ ಹೊಲದಲ್ಲಿ ಮುಖ ಮುಚ್ಚಿಕೊಂಡು ಮಲಗಿದ್ದು ಇದೇ ಸ್ವರ ಕೇಳಿ ಎದ್ದು ಬಂದವರೇ ಈ ಮಾತು ಆಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಮಾಳಿಗೆಯ ಅಂಚಿಗೆ ಬಂದು, “ಓಡಿಹೋದವ್ರು ಯಾರ್ಯಾರಂತ ಹೆಸರು ಹಿಡದು ಹೇಳ್ಲೇನ್ರಿ?” ಎಂದು ಹೋಟೆಲಿಗೆ ಕೇಳುವ ಹಾಗೆ ಕೂಗಿದೆ. ಅವ್ವ ಕಿವಿ ಹಿಂಡಿ ಕೆಳಗೆ ಎಳೆದುಕೊಂಡು ಹೋದಳು. ಕಾಕಾ ಮಾತ್ರ ಯಾರೊಂದಿಗೂ ವಾದ ಮಾಡಲಿಲ್ಲ. ‘ಸನದು ಎಲ್ಲದ ತೋರ್ಸು’ ಎಂದು ಒಬ್ಬ ಕೇಳಿದಾಗ ಗಲ್ಲ ಉಬ್ಬಿಸಿ ತೋರಿಸಿ ಎದ್ದು ಬಂದರಂತೆ.

ತವಾ ಮಾತ್ರ ಎಲ್ಲೆಲ್ಲೂ ಓಡಿತು. ಬೀದರಿನ ಟಾಂಗಾದವರು ಅದನ್ನೇ ಸಿಳ್ಳೆ ಹಾಕುತ್ತಿದ್ದರು. ಟೆಂಟ್ ಸಿನೆಮಾದವನು ಆಟ ಶುರುವಾಗುವ ಮೊದಲು ಅದನ್ನೇ ಹಾಕುತ್ತಿದ್ದ. ಔರಾದದ ಸಂತೆಯಲ್ಲಿ ಬಳೆ ಮಾರುವವಳೂ ಅದನ್ನೇ ಗುನುಗುತ್ತಿದ್ದಳು ಎಂದು ಅತ್ತೆ ಹೇಳಿದಳು. ಆಗ ಕಚೇರಿ ಯಾವ ಭಾಷೆಯಲ್ಲಿರಬೇಕು, ಶಾಲೆ ಯಾವ ಭಾಷೆಯಲ್ಲಿರಬೇಕು ಎಂದು ಕಟ್ಟೆ ಕಟ್ಟೆಯಲ್ಲೂ ಜಗಳ. ಉರ್ದು, ಕನ್ನಡ, ಮರಾಠಿ, ತೆಲುಗು ಎಲ್ಲರೂ ಬಂದು ಆ ಹೋಟೆಲಿನಲ್ಲಿ ಜಗಳಾಡುತ್ತಿದ್ದರು. ಆದರೆ ಈ ತವಾ ಹಾಕು ಎಂದಾಗ ಬೇಡ ಎಂದವರಿಲ್ಲ. ಮಾತೇ ಇಲ್ಲದ ರಾಗದ ಮೇಲೆ ಯಾವ ಭಾಷೆಯವರು ತಕರಾರು ಮಾಡಬೇಕು? ಅದು ತಮ್ಮದೇ ಎಂದು ನಾಲ್ವರೂ ತಿಳಿದಿದ್ದರು.

ಭಾಲ್ಕಿಯ ಆಚೆ ಆ ಕೊನೆಯ ಆರು ಸ್ವರಕ್ಕೆ ಏನರ್ಥ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ದೊಡ್ಡ ದೊಡ್ಡ ಅರ್ಥ ಹುಟ್ಟಿದವು. ಮುಂದೆ ನನ್ನ ಮಾವನಾಗಲಿದ್ದವರು ಬೀದರಿನ ಚಿದ್ರಿಯಲ್ಲಿ ಬಾಜಾದ ಎದುರು ಕಣ್ಣು ಮುಚ್ಚಿ ಕುಳಿತು, ಆ ತುಣುಕು ಬಂದ ಕೂಡಲೇ ‘ಆಹಾ, ವಿರಹ!’ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರಂತೆ. ಹುಗ್ಗಿಯ ಕರೆಗೆ ಅತ್ತವರು ಜಗತ್ತಿನಲ್ಲಿ ಅವರೊಬ್ಬರೇ ಇರಬೇಕು.

ಇಷ್ಟಾದರೂ ಕಾಕಾನಿಗೆ ಬಂದ ಭಾಗ್ಯವೇನು? ಬೀದರಿನಿಂದ, ಔರಾದ ಕಡೆಯ ಹಳ್ಳಿಗಳಿಂದ ಬರುತ್ತಿದ್ದ ಮದುವೆಯ ಕರೆಗಳು ನಿಂತವು. ಲೌಡ್ ಸ್ಪೀಕರಿನವನು ಉಸ್ತಾದನ ತವಾ ಹಾಕುತ್ತಾನೆ, ಮತ್ತೆ ವಾಜಂತ್ರಿ ಯಾಕೆ? ಅಲ್ಲಿಯವರು ಇವರಿಗೆ ಬುದ್ಧಿ ಬೇರೆ ಹೇಳುತ್ತಿದ್ದರು, ಆ ಸನದೀ ಉಸ್ತಾದನ ಹಾಗೆ ಊದಲು ಕಲಿ ಎಂದು. ಕಾಕಾ ಅದನ್ನು ನಮಗೆ ಹೇಳಿ ಹೇಳಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಆ ಹೊತ್ತಿಗೇ ನನ್ನ ಮದುವೆ ಗೊತ್ತಾಯಿತು. ಚಿದ್ರಿಯ ಮನೆ, ಓದಿದ ಗಂಡು, ತಾಲ್ಲೂಕು ಕಚೇರಿಯಲ್ಲಿ ಪೇಶ್ಕಾರರಾಗಿ ನಿವೃತ್ತರಾದ ಮಾವ. ಅವರು ಅದು ಕೊಡಿ ಇದು ಕೊಡಿ ಎಂದು ಏನನ್ನೂ ಕೇಳದ ದೊಡ್ಡ ಮನುಷ್ಯರು. ಕಾಗದದಲ್ಲಿ ಒಂದೇ ಒಂದು ಮಾತು ಬರೆದಿದ್ದರು: ವಾಜಂತ್ರಿ ಬೇಡ, ಲೌಡ್ ಸ್ಪೀಕರನ್ನೂ ಬಾಜಾವನ್ನೂ ನಾವೇ ತರುತ್ತೇವೆ, ಅಕ್ಷತೆಯ ಹೊತ್ತಿಗೆ ಸನದೀ ಉಸ್ತಾದರ ತವಾ ಆಗಬೇಕು.

ಅಪ್ಪ ಓದಿ ಮುಗಿಸುವಷ್ಟರಲ್ಲಿ ನಾನು ಎದ್ದು ನಿಂತೆ. “ಈ ಲಗ್ನಾನೇ ಬ್ಯಾಡ ನನಗ. ಆ ತವಾನ ಜೋಡಿ ಲಗ್ನಾ ಮಾಡ್ರಿ ಅವ್ರಿಗಿ.”

ಅಪ್ಪ ಕಾಕಾನ ಪರವಾಗಿ ಎರಡು ಸಲ ಬರೆದು ನೋಡಿದರು. ಅವರೇ ಇವರು ಎಂದೂ ಬರೆದರು. ಬೀಗರು ಹಾಸ್ಯ ಚೆನ್ನಾಗಿ ಮಾಡುತ್ತಾರೆ ಎಂದು ಮರುಉತ್ತರ ಬಂತು. ಗಂಡಿನವರ ಒಂದೇ ಒಂದು ಆಸೆಯನ್ನು ಇಲ್ಲ ಎನ್ನುವುದು ಹೇಗೆ ಎಂದು ಅಪ್ಪ ಸೋತರು. ಕಾಕಾನನ್ನು ಕರೆದು, ತಲೆ ತಗ್ಗಿಸಿ ವಿಷಯ ಹೇಳಿದರು.

“ಅದಕ್ಕೇನ್ರಿ ಸಾವ್ಕಾರ್ರ, ಅದ್ರಾಗ ಊದಾಂವನೂ ನಾನೇ ಅಲ್ರೀ?” ಎಂದು ಕಾಕಾ ನಕ್ಕರು. ನಗುತ್ತಲೇ ಎದ್ದು ಹೋದರು. ಅವರು ಹೋದಮೇಲೆ ನೋಡುತ್ತೇನೆ, ನಶ್ಯದ ಡಬ್ಬಿ ಕಟ್ಟೆಯ ಮೇಲಿದೆ. ನಾನು ಕಣ್ಣು ಬಿಟ್ಟಾಗಿನಿಂದ ಆ ಡಬ್ಬಿ ಅವರ ರುಮಾಲಿನಿಂದ ಬೇರೆಯಾದದ್ದನ್ನು ನೋಡಿರಲಿಲ್ಲ. ಅದನ್ನು ಮರೆತು ಹೋಗುವುದು ಅವರಿಂದ ಆಗದ ಮಾತು. ನನಗೆ ದುಃಖ ಉಕ್ಕಿ ಬಂತು, ಅಲ್ಲಿಯೇ ಕುಳಿತು ಅತ್ತೆ.

ಡಬ್ಬಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಸನಾದಿ ಗೂಟಕ್ಕೆ ತೂಗುತ್ತಿತ್ತು, ಅದರ ಕೆಳಗೇ ಒಲೆ.

“ಒಲಿಗಿ ಹಾಕ್ತೀರೇನ್ರಿ ಕಾಕಾ?”

“ಮಾತ ಕೊಟ್ಟೇನಲ್ಲ ಯವ್ವಾ. ಮಂದಿ ಮುಂದ ಕೊಟ್ಟೇನಿ.”

“ನನ್ ಲಗ್ನ ಮುಗ್ಯೂತನ ಹಾಕಬ್ಯಾಡ್ರಿ. ಲಗ್ನಕ್ಕ ಬರೋವಾಗ ಅದನ್ನ ತಗೊಂಡೇ ಬರ್ರಿ. ಪತ್ತಿ ಡಬ್ಬಿ ನನ್ ಹತ್ರ ಇರ್ತದ.”

ಕಾಕಾ ಎದ್ದು ಗೂಟದಿಂದ ಸನಾದಿಯನ್ನು ಇಳಿಸಿ ಬಟ್ಟೆಯಲ್ಲಿ ಸುತ್ತಿದರು. ಕೊನೆಗೆ ಬರುತ್ತೇನೆ ಎಂದರು. ನನ್ನ ತಲೆಯಲ್ಲಿ ಯಾವ ಉಪಾಯವೂ ಇರಲಿಲ್ಲ. ಹಟವೊಂದೇ ಇತ್ತು.

ಮದುವೆಯ ದಿನ ಬೆಳಗಿನ ರೈಲಿಗೆ ಬೀದರಿನಿಂದ ಬೀಗರು ಇಳಿದರು. ಶೇರ್ವಾನಿ ತೊಟ್ಟ ಮಾವ ಬಾಜಾದ ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ ತಾವೇ ಎದೆಗೆ ಅವಚಿಕೊಂಡು ಬಂದರು. ಲೌಡ್ ಸ್ಪೀಕರಿನ ಬಾಯಿಯನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿಸಿದರು. ಭಾಲ್ಕಿಯ ಮದುವೆಯೊಂದರಲ್ಲಿ ವಾಜಂತ್ರಿಯ ಬದಲು ತವಾ ಹಾಕುವುದು ಅದೇ ಮೊದಲು. ಕಾಕಾ ಮಡಿ ಧೋತರ ಉಟ್ಟು, ಸನಾದಿಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ದೂರದ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತಿದ್ದರು. ಡಬ್ಬಿ ನನ್ನ ಉಡಿಯಲ್ಲಿತ್ತು.

ಮಾವ ಎಲ್ಲವನ್ನೂ ಲೆಕ್ಕ ಹಾಕಿದ್ದರು. ಅಕ್ಷತೆಗೆ ಸರಿಯಾಗಿ ಮೂರು ನಿಮಿಷ ಮೊದಲು ತವಾ ಶುರುವಾಗಬೇಕು, ವಿರಹದ ತುಣುಕು ಮುಗಿದ ಕೂಡಲೇ ಅಕ್ಕಿಕಾಳು ಬೀಳಬೇಕು. ಕಿಸೆಯ ಗಡಿಯಾರ ನೋಡಿ ತವಾದ ಮೇಲೆ ಮುಳ್ಳು ಇಟ್ಟರು. ಅಯ್ಯನವರು ಮಂತ್ರ ನಿಲ್ಲಿಸಿದರು. ರಾಗ ಬಂತು. ಬೇವಿನ ಮರದಿಂದ ಅಷ್ಟು ಜೋರಾಗಿ ಕೇಳಿದರೂ ಅದು ಕಾಕಾನ ಉಸಿರೇ. ಬಾಸಿಂಗದ ಹಿಂದೆ ನನ್ನ ಕಣ್ಣು ತುಂಬಿದವು.

ಕೊನೆಗೆ ಆರು ಸ್ವರ ಬಂದವು.

ಹೆಣ್ಣಿನ ಕಡೆಯವರೆಲ್ಲ ಎದ್ದರು. ಹೋಟೆಲಿನಲ್ಲಿ ಕೇಳಿ ಕೇಳಿ ರೂಢಿಯಾಗಿದ್ದವರೂ ಎದ್ದರು, ಏಕೆಂದರೆ ಹೋಟೆಲಿನಲ್ಲಿ ಚಪ್ಪರವಿರಲಿಲ್ಲ, ಹುಗ್ಗಿಯ ವಾಸನೆ ಇರಲಿಲ್ಲ. ಅಕ್ಷತೆ ಬಿದ್ದಿಲ್ಲವೆಂದು ತಲೆಗೆ ಗೊತ್ತಿದ್ದೀತು, ಕಾಲಿಗೆ ಗೊತ್ತಿರಲಿಲ್ಲ. ಮುಷ್ಟಿಯಲ್ಲಿದ್ದ ಅಕ್ಕಿಕಾಳನ್ನು ಕಿಸೆಗೆ ಹಾಕಿಕೊಂಡು ನಡೆದವರೂ ಇದ್ದರು. ಬೀದರಿನವರು ಕುಳಿತಲ್ಲೇ ಕಲ್ಲಾದರು. ಮಾವ ಗಾಬರಿಯಲ್ಲಿ, ಮೊದಲಿಂದ ಮಾಡೋಣವೆಂದು ಮುಳ್ಳು ಎತ್ತಿ ಇಟ್ಟರು. ಕೈ ತಪ್ಪಿ ಅದು ಕೊನೆಯ ಸುತ್ತಿನ ಮೇಲೆಯೇ ಬಿತ್ತು. ತಪ್ಪಾಯಿತೆಂದು ಮರಳಿ ಬಂದು ಕೂರುತ್ತಿದ್ದವರು ಮತ್ತೆ ಎದ್ದರು!

“ಏನ್ ನಡದದರಿ ಇದು?” ಎಂದು ಮಾವ ಕೇಳಿದರು. “ನಮಗ ಅಪಮಾನ ಮಾಡ್ಬೇಕಂತೇನ್ರಿ?”

ಔರಾದದ ಸೋದರತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ಬೀಗ್ರ, ನಿಮ್ ತವಾ ಊಟಕ್ಕ ಕರೀಲಿಕ್ಕತ್ತದ. ಕರದ್ರ ಮಂದಿ ಏಳ್ಬಾರದೇನ್ರಿ?”

“ಊಟಕ್ಕ? ಅಮ್ಮಾ, ಅದು ವಿರಹ ಅದರಿ!”

“ವಿರಹಲ್ರಿ, ಹುಗ್ಗಿ!”

ನಕ್ಕರು ಎಲ್ಲರೂ, ಮಾವನೊಬ್ಬರನ್ನು ಬಿಟ್ಟು. ಅಪ್ಪ ಆಗ ಕೊಟ್ಟಿಗೆಯ ಕಡೆ ಕೈ ತೋರಿಸಿ, ಜೋಳದ ಹೊಲದಿಂದ ಮುನ್ಷಿಯವರೆಗೆ ಎಲ್ಲ ಹೇಳಿದರು. ಮಾವ ತವಾದ ಮೇಲಿನ ಅಕ್ಷರ ನೋಡಿದರು, ಕಟ್ಟೆಯ ಮೇಲಿನ ಮನುಷ್ಯನನ್ನು ನೋಡಿದರು. ಕಾಗದಪತ್ರಗಳ ನಡುವೆ ಜೀವ ಸವೆಸಿದವರಿಗೆ ನಂಬುವುದು ಕಷ್ಟವಾಗಿತ್ತು. ಮದುಮಗಳು ಬಾಯಿ ತೆರೆಯಬಾರದು ಎಂಬುದು ನನಗೆ ಗೊತ್ತಿತ್ತು. ತೆರೆದೆ.

“ಊದಿಸಿ ನೋಡ್ರಿ ಮಾವಾರ.”

ಉಡಿಯಿಂದ ಡಬ್ಬಿ ತೆಗೆದು ಚಾಚಿದೆ. ಕಾಕಾ ಬಂದು ತೆಗೆದುಕೊಂಡರು. ಪತ್ತಿ ತೇವ ಮಾಡಿ, ಸಿಕ್ಕಿಸಿ, ಊದಿದರು. ತವಾದಲ್ಲಿದ್ದದ್ದೇ, ತಿರುವು ತಿರುವೂ ಅದೇ. ಮಾವ ಕಣ್ಣು ಮುಚ್ಚಿದರು. ಕೊನೆ ಹತ್ತಿರವಾಯಿತು. ನಮ್ಮ ಮಂದಿ ಈಗಲೇ ಅರ್ಧ ಎದ್ದಿದ್ದರು. ಕಾಕಾ ಅಲ್ಲಿಗೇ ಸನಾದಿಯನ್ನು ತುಟಿಯಿಂದ ತೆಗೆದುಬಿಟ್ಟರು.

“ಆ ಕಡೀದು?” ಎಂದು ಮಾವ ಕಣ್ಣು ತೆರೆದರು.

“ಅಕ್ಕಿಕಾಳು ಬಿದ್ದಿಲ್ರಿ ಧಣಿ,” ಎಂದರು ಕಾಕಾ. “ಈಗ ಹ್ಯಾಂಗ ಊಟಕ್ಕ ಎಬ್ಬಸ್ಲಿ?”

ಮಾವ ಬಾಜಾದ ಹತ್ತಿರ ಹೋಗಿ ಅದರ ಮುಚ್ಚಳ ಮುಚ್ಚಿದರು. ಆಮೇಲೆ ಕಾಕಾನಿಗೆ ಎರಡೂ ಕೈ ಎತ್ತಿ ಸಲಾಂ ಮಾಡಿ, “ಊದ್ರಿ ಉಸ್ತಾದ್,” ಎಂದರು. ಕಾಕಾ ಊದುತ್ತಿರುವಾಗಲೇ ನನ್ನ ಮೇಲೆ ಅಕ್ಷತೆ ಬಿತ್ತು. ಕಿಸೆಗೆ ಹಾಕಿಕೊಂಡಿದ್ದವರೂ ತೆಗೆದು ಎರಚಿದರು. ಕೊಟ್ಟ ಮಾತು ಉಳಿಯಿತು, ಸನಾದಿಯೂ ಉಳಿಯಿತು. ನನಗೆ ಮದುವೆಯಾಯಿತೆಂಬ ಸಂತೋಷಕ್ಕಿಂತ ಆ ಸಂತೋಷವೇ ದೊಡ್ಡದಾಗಿತ್ತು. ಇದನ್ನು ನನ್ನ ಗಂಡನಿಗೂ ಹೇಳಿದ್ದೇನೆ.

ಪತ್ರೋಳಿ ಹಾಸಿದರು. ಕಾಕಾ ಊಟದ ಕರೆಗೆ ಸನಾದಿ ಎತ್ತಿದಾಗ ಮಾವ ತಡೆದರು. “ನಿಮ್ ಕೆಲಸಾ ಮುಗೀತ್ರಿ. ಆ ತವಾಕ್ಕ ಊಟಕ್ಕ ಕರೀಲಿಕ್ಕಷ್ಟೇ ಬರ್ತದಂದ್ರ ಅದೇ ಕರೀಲಿ. ನೀವು ಕೂಡ್ರಿ.”

ಕೂಡ್ರಿ ಎಂದ ಕೂಡಲೇ ಕಾಕಾ ಹೊರಟದ್ದು ಕೊಟ್ಟಿಗೆಯ ಕಟ್ಟೆಗೆ. ಅಪ್ಪ ನಿಂತು ನೋಡುತ್ತಿದ್ದರು. ದಿನ ಬೆಳಗಾದರೆ ಪೂಜೆಗೆ ಕುಳಿತು, ಯಾರನ್ನೂ ಹೊರಗಿನವರೆಂದು ತಿಳಿಯಬೇಡಿ ಎಂಬ ಶರಣರ ಮಾತನ್ನು ನಮಗೆಲ್ಲ ಕೇಳುವ ಹಾಗೆ ಓದುತ್ತಿದ್ದವರು ಅವರು. ಅವರ ಮುಖ ಕೆಂಪಾಯಿತು. ಬಿರಬಿರನೆ ಹೋಗಿ ಕಾಕಾನ ಕೈ ಹಿಡಿದು ಕರೆತಂದು, ಮೊದಲ ಪಂಕ್ತಿಯಲ್ಲಿ, ಮಾವನ ಪಕ್ಕದಲ್ಲಿ ಕೂರಿಸಿದರು. ಅಲ್ಲಿ ಇಲ್ಲಿ ಗುಸುಗುಸು ಎದ್ದಿತು. ಔರಾದದ ಅತ್ತೆ ಆ ಕಡೆ ಒಮ್ಮೆ ಕಣ್ಣು ಹಾಯಿಸಿದಳು, ನಿಂತಿತು.

ಬೇವಿನ ಮರದಿಂದ ಆರು ಸ್ವರ ಬಂದವು. ಜನ ಎದ್ದು ಬಂದು ಕುಳಿತರು. ಕಾಕಾ ಮರದ ಕಡೆ ಕತ್ತೆತ್ತಿ, ಯಾರೋ ತಮ್ಮನ್ನೇ ಕರೆದರೆಂಬಂತೆ ಕೇಳುತ್ತಿದ್ದರು.

ಮೊದಲ ಪಂಕ್ತಿಗೆ ಮದುಮಗಳು ತುಪ್ಪ ಬಡಿಸುವುದು ನಮ್ಮ ಮನೆಯ ರೂಢಿ. ತುಪ್ಪದ ಮಿಳ್ಳಿ ಹಿಡಿದು ನಾನು ಕಾಕಾನ ಎಲೆಯ ಮುಂದೆ ಬಂದಾಗ ಹುಗ್ಗಿ ಬಿದ್ದು ಹಬೆಯಾಡುತ್ತಿತ್ತು. ಕಾಕಾ ಅದಕ್ಕೆ ಕೈ ಹಾಕಿ, ಥಟ್ಟನೆ ಬೆರಳು ಹಿಂದೆಳೆದುಕೊಂಡು ನನ್ನ ಮುಖ ನೋಡಿದರು.

“ಯವ್ವಾ, ಹುಗ್ಗಿ ಇಷ್ಟ್ ಬಿಸಿ ಇರ್ತದೇನ್?”

ಎಷ್ಟೋ ಮದುವೆಗಳಲ್ಲಿ ಅವರ ಕರೆ ಕೇಳಿ ಓಡಿಹೋಗಿ ಬಿಸಿ ಹುಗ್ಗಿ ತಿಂದವಳು ನಾನು. ಮಿಳ್ಳಿಯಲ್ಲಿದ್ದ ತುಪ್ಪವನ್ನೆಲ್ಲ ಅವರ ಎಲೆಗೇ ಬಗ್ಗಿಸಿದೆ.